ಎರಡನೆಯ ಗುಂಡಿ

ಕೈಗುಣವನ್ನು ಗ್ಲೋವಿಗೆ ಇಳಿಸಿ ಕೊಡುವುದು ಈಗ ಮನೆಮನೆಯಲ್ಲೂ ಉಂಟು. ಅದನ್ನು ತೊಟ್ಟರೆ ಅಜ್ಜಿಯ ರಂಗೋಲಿ ಮೊಮ್ಮಗಳ ಕೈಗೆ ಹಾಗೆಯೇ ಬರುತ್ತದೆ, ಅಜ್ಜಿಯ ಕೈಯ ಚಟಗಳೂ ಬರುತ್ತವೆ. ತಮ್ಮ ಗಾಲ್ಫ್ ಚೀಲ ಹೊರುವ, ಕೈ ನಡುಗುವ ಕ್ಯಾಡಿ ದೊರೆಸ್ವಾಮಿ ಚೆಲ್ಲದೆ ಉಣ್ಣಲೆಂದು ಆಟಗಾರ ಬೆಳ್ಯಪ್ಪನವರು ತಮ್ಮ ಕೈಗುಣವನ್ನು ಅವನಿಗೊಂದು ಗ್ಲೋವಿನಲ್ಲಿ ಕೊಟ್ಟಿದ್ದರು.

ಹಿರಿಯರ ಗಾಲ್ಫ್ ಋತುವಿನ ಕೊನೆಯ ಪಂದ್ಯ, ಕೊನೆಯ ಕುಳಿ. ಇಬ್ಬರೂ ಸಮಸಮ. ಎದುರಾಳಿ ಸಲ್ಡಾನ ಚೆಂಡಿಗೆ ಬಾಗುವ ಮುನ್ನ ಎಡ ಹೆಬ್ಬೆರಳಿನಿಂದ ಅಂಗಿಯ ಎರಡನೆಯ ಗುಂಡಿ ಸವರಿದರು. ಬೆಳ್ಯಪ್ಪನವರು ತಮ್ಮ ಅಂಗಿಯತ್ತ ನೋಡಿಕೊಂಡರು. ತೀರಿಹೋದ ಹೆಂಡತಿ ಹೊಲಿದ ಗುಂಡಿಯನ್ನು ಹೀಗೆ ಸವರಿ ಹೊಡೆಯುವುದು ತಮ್ಮೊಬ್ಬರದೇ ಅಭ್ಯಾಸ.

ಸಲ್ಡಾನರ ಚೆಂಡು ಕುಳಿಗೆ ಬಿತ್ತು.

ಬೆಳ್ಯಪ್ಪನವರು ದೊರೆಸ್ವಾಮಿಯತ್ತ ತಿರುಗಿದರು. "ನಿನ್ನ ಗ್ಲೋವ್ ಎಲ್ಲಯ್ಯಾ?"

"ಒಗ್ದು ಒಣಗಾಕಿವ್ನಿ ಸಾರ್."

"ಸಲ್ಡಾನನ ಕೈಮೇಲಾ?"

ದೊರೆಸ್ವಾಮಿ ತಲೆ ತಗ್ಗಿಸಿದ. "ನಿನ್ ಕೆಲ್ಸ ಈ ವರ್ಷಕ್ಕೆ ಸಾಕು ಅಂದ್ರಲ್ಲ ನೀವು. ಅವ್ರು ಮುಂದಕ್ಕೂ ಕೆಲ್ಸಕ್ಕಿಟ್ಕೋತೀನಿ ಅಂದ್ರು, ಗ್ಲೋವ್ ಕೊಟ್ಬಿಟ್ಟೆ." ಹಾಗೆನ್ನುತ್ತಲೇ ಎಂದಿನಂತೆ ಚೆಂಡನ್ನು ಒರೆಸಿ, ನಡುಗುವ ಕೈಯಲ್ಲಿ ನೀಡಿದ.

ಬೆಳ್ಯಪ್ಪನವರ ಹೆಬ್ಬೆರಳು ಗುಂಡಿಯತ್ತ ಹೋಯಿತು. ಯಾರನ್ನೋ ಅಣಕಿಸಿದಂತಾಗಿ ಕೈ ಇಳಿಸಿದರು. ಅವರ ಚೆಂಡು ಕುಳಿಯ ಅಂಚು ಬಳಸಿ ಆಚೆ ಹೋಯಿತು.

ಊಟದ ಹೊತ್ತಿಗೆ ಬೆಳ್ಯಪ್ಪನವರು ಗ್ಲೋವಿಲ್ಲದ ದೊರೆಸ್ವಾಮಿಯ ತಟ್ಟೆ ಎಳೆದುಕೊಂಡು ತಾವೇ ಅನ್ನ ಕಲಸಿಕೊಟ್ಟರು. ಅವನ ಮುಖ ಮಾತ್ರ ನೋಡಲಿಲ್ಲ.