ಸಂಗೀತಾಳ ಮೈಮೇಲೆ ನನ್ನ ನೀಲಿ ಲಂಗ

ಇಂದಿಗೂ ಯಾರದಾದರೂ ಟ್ರಂಕಿನಿಂದ ಡಾಂಬರ ಗುಳಿಗೆಯ ವಾಸನೆ ಬಂದರೆ ನನಗೆ ಹುಮನಾಬಾದಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಆ ವರ್ಷ ಲಾತೂರ ಕಡೆಯಿಂದ ಕಬ್ಬು ಕಡಿಯಲು ಬಂದವರು ನಮ್ಮ ಕಾಲೊನಿಯ ಹಿಂದೆ ಜೋಪಡಿ ಹಾಕಿದ್ದರು. ಅವರಲ್ಲೊಬ್ಬರ ಮಗಳು ಸಂಗೀತಾ ನಮ್ಮ ಶಾಲೆಗೆ ಸೇರಿದಳು. ಸಮವಸ್ತ್ರವಿಲ್ಲದವರನ್ನು ಸರ್ ಒಳಗೆ ಬಿಡುತ್ತಿರಲಿಲ್ಲ. ಅದಕ್ಕೆ ಅವ್ವ ನನಗೆ ಗಿಡ್ಡವಾಗಿದ್ದ ನೀಲಿ ಲಂಗ, ಬಿಳಿ ಅಂಗಿಯನ್ನು ಟ್ರಂಕಿನಿಂದ ತೆಗೆದು ಅವಳಿಗೆ ದಯಪಾಲಿಸಿದಳು. ಅಂದಿನಿಂದ ಆ ಲಂಗದ ಯೋಗಕ್ಷೇಮ ಇಡೀ ಕಾಲೊನಿಯ ಹೊಣೆಯಾಯಿತು.

ಆ ಮಧ್ಯಾಹ್ನ ಅವ್ವ ಮತ್ತು ಪಕ್ಕದ ಮನೆಯ ಕಾಕು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಶಾಲೆ ಮುಗಿಸಿ ಬಂದಿದ್ದ ಸಂಗೀತಾ ಕೊಡ ಹೊತ್ತು ನಮ್ಮ ಮುಂದೆಯೇ ಹಾದಳು.

"ಶಾಲಿ ಲಂಗದಾಗ ನೀರು ಹೊರಾಕತ್ತೀ ಏನ? ಹೊಸಾದಿತ್ರಿ ಕಾಕು, ಹ್ಯಾಂಗ ಮಾಡ್ಯಾಳ ನೋಡ್ರಿ!" ಎಂದಳು ಅವ್ವ.

"ಪುಕ್ಕಟ ಬಂದದ್ದಲ್ಲೇನ್ರಿ, ಆಕಿಗೇನು ಕಿಮ್ಮತ್ತು?" ಎಂದರು ಕಾಕು.

ಸಂಗೀತಾ ಕೊಡ ಹೊತ್ತು ಜೋಪಡಿಗೆ ನಡೆದಳು. ಸ್ವಲ್ಪ ಹೊತ್ತಿಗೆ, ಇನ್ನೂ ಹಸಿಯಾಗಿದ್ದ ಲಂಗ, ಅಂಗಿಯನ್ನು ಮಡಿಚಿ ತಂದು ಕಟ್ಟೆಯ ಮೇಲಿಟ್ಟಳು.

"ಒಗದೀನ್ರಿ, ಬಾಯಿ" ಎಂದು ಅವ್ವನನ್ನು ಮರಾಠಿ ಮರ್ಯಾದೆಯಲ್ಲಿ ಕರೆದು ಹೇಳಿ ಹೊರಟುಹೋದಳು.

ಮರುದಿನ ಅವಳು ತನ್ನ ಹಳದಿ ಫ್ರಾಕಿನಲ್ಲೇ ಶಾಲೆಗೆ ಬಂದಳು. ಸರ್ ನಿಯಮಕ್ಕೆ ಕಿಂಚಿತ್ತೂ ಭಂಗ ಬಾರದಂತೆ ಬಾಗಿಲಿನಿಂದಲೇ ಮರಳಿ ಕಳಿಸಿದರು. ಆಮೇಲೆ ಅವಳು ದಿನಾ ತಾಯಿಯ ಹಿಂದೆ ಕಬ್ಬಿನ ಹೊಲಕ್ಕೆ ಹೋಗುವುದು ನಮ್ಮ ಕಟ್ಟೆಯಿಂದ ಚೆನ್ನಾಗಿ ಕಾಣುತ್ತಿತ್ತು.

ಅವ್ವ ನಿಟ್ಟುಸಿರು ಬಿಟ್ಟಳು. "ನಾವು ಎಷ್ಟ್ ಮಾಡಿದ್ರೇನ್ರಿ ಕಾಕು, ಅವರಿಗೇ ಮಕ್ಕಳ್ನ ಓದಸೂ ಮನಸ್ಸಿಲ್ಲ."