ಕೆಳಗಿನ ಡ್ರಾಯರಿನ ಬಣ್ಣ

“ಈ ಬಣ್ಣ ಯಾರ ಕೈ ನೋಡಿ ಕಲಸಿದೆ?”

ಮ್ಯಾನೇಜರ್ ಕೃತಕ ಕೈಯನ್ನು ಮೇಜಿನ ಮೇಲೆ ಕುಕ್ಕಿದರು. ಒಂಬತ್ತು ವರ್ಷದ ಹುಡುಗಿಗೆಂದು ಮಾಡಿದ ಎಡಗೈ. ಉಗುರು, ಬೆರಳಿನ ಗೆರೆ, ಮಣಿಕಟ್ಟಿನ ಸುಕ್ಕು, ಯಾವುದಕ್ಕೂ ಹೆಸರಿಡುವಂತಿರಲಿಲ್ಲ. ಆದರೆ ಹುಡುಗಿಯದು ಗೋಧಿ ಮೈಬಣ್ಣ. ಈ ಕೈ ಕಡುಗಪ್ಪು.

“ನನ್ನ ಕೈ ನೋಡಿ, ಸರ್,” ಎಂದಳು ಬಣ್ಣದವಳು.

ಕೃತಕ ಕೈಕಾಲುಗಳಿಗೆ ಚರ್ಮದ ಬಣ್ಣ ಕೊಡುವುದು ಅವಳ ಕೆಲಸ. ಬಂದವರನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ, ತೋಳಿನ ಪಕ್ಕ ಬಣ್ಣದ ಬಿಲ್ಲೆಗಳನ್ನು ಒಂದೊಂದಾಗಿ ಹಿಡಿದು, ಹೊಂದಿದ್ದರ ನಂಬರ್ ಬರೆದುಕೊಳ್ಳಬೇಕು. ಬಿಲ್ಲೆಗಳು ಒಟ್ಟು ಮೂವತ್ತಾರು. ತಿಳಿ ಬಣ್ಣದವು ಮೇಲಿನ ಡ್ರಾಯರಿನಲ್ಲಿ, ಅದಕ್ಕೆ ‘ಸಾಮಾನ್ಯ’ ಎಂಬ ಚೀಟಿ. ಕಪ್ಪು ಬಣ್ಣದವು ಕೆಳಗಿನದರಲ್ಲಿ, ಅದಕ್ಕೆ ‘ಇತರೆ’. ಕೆಲಸಕ್ಕೆ ಸೇರಿದ ದಿನವೇ ಅವಳು ‘ಇತರೆ’ಯನ್ನು ಕಿತ್ತೆಸೆದಳು. ಮರುದಿನ ಹೊಸ ಚೀಟಿ ಅಂಟಿತ್ತು. ಅದನ್ನೂ ಕಿತ್ತಳು. ಮೂರು ತಿಂಗಳಿಂದ ಈ ಹಗ್ಗಜಗ್ಗಾಟ ನಡೆದಿತ್ತು. ಗೋಂದಿಗೂ ಸುಸ್ತಾಗಿರಬೇಕು.

ಆ ಮೂರು ತಿಂಗಳ ಪರೀಕ್ಷಾವಧಿ ಇವತ್ತಿಗೆ ಮುಗಿಯುತ್ತಿತ್ತು. ಮ್ಯಾನೇಜರ್ ಸಹಿ ಹಾಕಿದರೆ ಕೆಲಸ ಕಾಯಂ. ಹಾಕದಿದ್ದರೆ ಮನೆಯ ದಾರಿ. ಕಾಗದ ಅವರ ಜೇಬಿನಲ್ಲೇ ಇತ್ತು.

“ಬೇಕಂತಲೇ ಮಾಡಿದ್ಯಾ?” ಇಡೀ ಕಾರ್ಯಾಗಾರದಲ್ಲಿ ಎಲ್ಲರಿಗೂ ‘ನೀವು’ ಎನ್ನುವ ಮನುಷ್ಯ, ಇವಳೊಬ್ಬಳಿಗೆ ‘ನೀನು’.

“ಬೇಕಂತಲೇ.”

ಗಲಾಟೆ ಕೇಳಿ ಮುಂಬಾಗಿಲ ಕೌಂಟರಿನ ಹೆಂಗಸು ಒಳಗೆ ಬಂದಳು. ಊರಿನ ಉಸಾಬರಿಯೆಲ್ಲ ಆಕೆಗೆ ಬೇಕು.

“ನಾನು ಮೊದಲೇ ಅವರಪ್ಪನಿಗೆ ಹೇಳಿದ್ದೆ, ಸರ್. ಮಗು ಈಕೆಯನ್ನ ನೋಡಿ ಹೆದರಬಹುದು, ಬೇರೆಯವರ ಹತ್ರ ಕಳಿಸ್ತೀನಿ ಅಂತ. ಅವರು ನಕ್ಕುಬಿಟ್ರು. ಇವರೇ ಇರಲಿ, ಮಗಳು ಹೊಂದ್ಕೊಂಡಿದ್ದಾಳೆ ಅಂದ್ರು. ಬೆಳ್ಳಗೆ, ಎತ್ತರಕ್ಕೆ, ಎಷ್ಟು ಒಳ್ಳೆಯವರು.” ಆಕೆ ದನಿ ತಗ್ಗಿಸಿದಳು. “ಅರ್ಜಿಯಲ್ಲಿ ಅಪ್ಪನ ಹೆಸರಷ್ಟೇ ಇದೆ. ಬಂದಾಗಲೆಲ್ಲ ಅಪ್ಪ, ಮಗಳು ಇಬ್ಬರೇ. ತಾಯಿ ತೀರಿಕೊಂಡಿರಬೇಕು, ಪಾಪ.”

ಬಣ್ಣದವಳ ಕೈಯಿಂದ ಬ್ರಷ್ ಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಿ ಅದನ್ನೆತ್ತಿ, ತುಸು ಹೆಚ್ಚು ಹೊತ್ತೇ ಒರೆಸಿದಳು.

“ಆ ತಾಯಿ ಇದ್ದಿದ್ರೆ ಈ ಕೈ ನೋಡಿ ಅಳ್ತಿದ್ದಳು,” ಎಂದರು ಮ್ಯಾನೇಜರ್.

“ಅಳ್ತಿರಲಿಲ್ಲ.”

“ನಿನಗೇನು ಗೊತ್ತು?”

“ಹುಡುಗಿಗೆ ಮೊದಲು ಮೇಲಿನ ಡ್ರಾಯರಿನದನ್ನೇ ತೋರಿಸಿದೆ, ಸರ್. ಹತ್ತನೇ ನಂಬರ್ ಸರಿಯಾಗಿ ಹೊಂದ್ತು. ಅವಳು ಬೇಡ ಅಂದಳು. ಶಾಲೆಯಲ್ಲಿ ಅಪ್ಪನ್ನ ನೋಡಿ, ನೀನು ನಮ್ಮವಳೇ ಬಿಡು ಅಂತಾರಂತೆ. ನನ್ನಲ್ಲಿ ಅಪ್ಪ ಎಲ್ಲರಿಗೂ ಕಾಣ್ತಾನೆ, ಅಮ್ಮ ಯಾಕೆ ಕಾಣಲ್ಲ ಅಂತ ಕೇಳಿದಳು. ಹೇಗೂ ಒಂದು ಕೈ ಹೊಸದಾಗಿ ಮಾಡ್ತಿದ್ದೀರಲ್ಲ, ಅದು ಅಮ್ಮನ ಬಣ್ಣದ್ದೇ ಇರಲಿ ಅಂದಳು. ಕೆಳಗಿನ ಡ್ರಾಯರ್ ಅವಳೇ ತೆಗೆದಳು.”

ಕೌಂಟರಿನ ಹೆಂಗಸು ಕಣ್ಣಿಗೆ ಸೆರಗು ಒತ್ತಿಕೊಂಡಳು. “ಅಯ್ಯೋ, ಸತ್ತ ತಾಯಿಯ ನೆನಪಿಗೆ…”

ಮ್ಯಾನೇಜರ್ ಒಂದು ಕ್ಷಣ ಮೆತ್ತಗಾದರು. ಒಂದೇ ಕ್ಷಣ. “ನೆನಪಿಗೆ ಫೋಟೋ ಇಟ್ಕೊಳ್ಳಲಿ. ಇಂಥ ಕೈ ಹಾಕ್ಕೊಂಡು ಹೊರಗೆ ಹೋದ್ರೆ ಜನ ನೋಡಲ್ವಾ?”

“ನೋಡಲಿ. ಹೇಗೂ ನೋಡ್ತಾರೆ.”

ಜನ ನೋಡುವ ರೀತಿಯನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಮೊದಲು ಅವಳನ್ನು ನೋಡುತ್ತಾರೆ, ಆಮೇಲೆ ಅವಳ ಪಕ್ಕದಲ್ಲಿರುವವರನ್ನು, ತಿರುಗಿ ಅವಳನ್ನು. ಕೇಳಬೇಕಾದ್ದನ್ನು ಮಾತ್ರ ನೆಟ್ಟಗೆ ಕೇಳುವುದಿಲ್ಲ. ಕೇಳದವರ ಮನೆಬಾಗಿಲಿಗೆ ಹೋಗಿ ಉತ್ತರ ಕೊಡುವುದನ್ನು ಅವಳು ಎಂದೋ ಬಿಟ್ಟಿದ್ದಳು. ಅದರಿಂದ ಅವಳಿಗೆ ಸಿಟ್ಟು ಕಡಿಮೆಯಾಗಿರಲಿಲ್ಲ, ಬೆನ್ನು ಮಾತ್ರ ನೆಟ್ಟಗಾಗಿತ್ತು.

ಹೊರಗೆ ಕರೆಗಂಟೆ ಸದ್ದಾಯಿತು. “ಅವರೇ ಬಂದ್ರು,” ಎನ್ನುತ್ತಾ ಕೌಂಟರಿನ ಹೆಂಗಸು ಮೂಗೊರೆಸಿಕೊಂಡು ಓಡಿದಳು.

ಮ್ಯಾನೇಜರ್ ಕಪಾಟಿನಿಂದ ದೊಡ್ಡ ಕತ್ತರಿ ತೆಗೆದರು. “ಇದನ್ನ ತುಂಡು ಮಾಡಿ ಕಸಕ್ಕೆ ಹಾಕ್ತೀನಿ. ಹತ್ತನೇ ನಂಬರಿನಲ್ಲಿ ಬೇರೆ ಮಾಡಿಸ್ತೀವಿ ಅಂತ ಅವರಪ್ಪನ ಹತ್ರ ಕ್ಷಮೆ ಕೇಳ್ತೀನಿ. ನೀನು ನಾಳೆಯಿಂದ ಬರಬೇಡ.”

ಬಣ್ಣದವಳು ಆ ಪುಟ್ಟ ಕೈಯ ಮೇಲೆ ತನ್ನ ಅಂಗೈ ಇಟ್ಟಳು.

“ನನ್ನನ್ನ ತೆಗೀರಿ, ಅದು ನಿಮ್ಮಿಷ್ಟ. ಈ ಕೈ ಅವಳದ್ದು. ಅವಳು ಬೇಡ ಅನ್ನೋವರೆಗೂ ಮುಟ್ಟಬೇಡಿ.”

“ನನಗೇ ಬುದ್ಧಿ ಹೇಳ್ತೀಯಾ?”

“ಹೌದು, ಸರ್. ಬೇರೆ ಯಾರೂ ಹೇಳಿದ ಹಾಗೆ ಕಾಣಲ್ಲ.”

ಮ್ಯಾನೇಜರ್ ಕತ್ತರಿ ಹಿಡಿದುಕೊಂಡೇ ನಿಂತರು. ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಹುಡುಗಿಯೊಬ್ಬಳೇ ಒಳಗೆ ಬಂದಳು. ಅಪ್ಪ ಹೊರಗೆ ಕೌಂಟರಿನ ಹೆಂಗಸಿನ ಮಾತಿಗೆ ಸಿಕ್ಕಿಕೊಂಡಿದ್ದ. ಮ್ಯಾನೇಜರ್ ಕತ್ತರಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟು ಮುಖದ ಮೇಲೆ ನಗು ತಂದುಕೊಂಡರು.

“ಬಾ ಪುಟ್ಟಿ. ನಮ್ಮ ಕೆಲಸದವಳಿಂದ ಒಂದು ತಪ್ಪಾಗಿದೆ…”

ಹುಡುಗಿ ಅವರನ್ನು ದಾಟಿ ನೇರ ಮೇಜಿನ ಬಳಿ ಹೋದಳು. ಕಪ್ಪು ಕೈಯನ್ನೆತ್ತಿ ತನ್ನ ಮೊಂಡು ಮಣಿಕಟ್ಟಿಗೆ ತೊಡಿಸಿಕೊಂಡಳು, ಆಚೀಚೆ ತಿರುಗಿಸಿ ನೋಡಿದಳು. ಸರಿಯಾಗಿ ಕೂತಿತ್ತು. ಆಮೇಲೆ ಬಣ್ಣದವಳ ಕಡೆ ತಿರುಗಿದಳು.

“ಅಮ್ಮಾ, ನೀನು ತೀರಿಕೊಂಡು ಎಷ್ಟು ವರ್ಷ ಆಯ್ತು ಅಂತ ಹೊರಗಿನ ಆಂಟಿ ಕೇಳ್ತಿದ್ದಾರೆ. ಏನು ಹೇಳ್ಲಿ?”