ಮೂಲೆಯ ಹುಲ್ಲು

ಪರ್ರನೆ ಏನನ್ನೋ ಕಿತ್ತ ಸಣ್ಣ ಸದ್ದು ಕೇಳಿ ಪ್ರಮೀಳಾ ತಿರುಗಿ ನೋಡಿದಳು. ಅಂಗಡಿಗಳು ಮುಚ್ಚಿದ ಮೇಲೆಯೇ ಅವಳ ಕೆಲಸ. ಕಾಂಪ್ಲೆಕ್ಸಿನ ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸುವ ಗುತ್ತಿಗೆ ಹಿಡಿದಿದ್ದಳು; ಅದು ಕೊನೆಯ ರಾತ್ರಿ. ಮೂಲೆಯಲ್ಲಿ ಕಸ ಗುಡಿಸುವ ಸಾವಂತ್ರೆವ್ವ ಹುಲ್ಲಿನ ಅಂಚನ್ನು ಎತ್ತಿ, ಅಡಿಯಲ್ಲಿ ಹಾಸಿದ್ದ ಬಿಳಿಯ ಬಟ್ಟೆಯನ್ನು ಸವರುತ್ತಿದ್ದಳು. ಊರಿಗೆ ಹೋಗಿದ್ದವಳು ಅಂದು ಸಂಜೆಯಷ್ಟೇ ಮರಳಿದ್ದಳು.

"ಏನ್ ಮಾಡಾಕತ್ತಿ ಸಾವಂತ್ರೆವ್ವಾ? ನಿನ್ನೆ ಅಂಟಿಸೀವಿ, ಇವತ್ತ ಕೀಳಾಕತ್ತೀಯಲ್ಲ!"

"ಅಕ್ಕಾರ, ಎರಿ ಮಣ್ಣು ಮಳಿಗೆ ಉಬ್ಬತೈತಂತ ಎಲ್ಲಾ ಅಗದು ತಗದು, ಜಲ್ಲಿ ತುಂಬಿದ್ರಂತ. ಈ ಮೂಲೀನೂ ಅಗದ್ರೇನು?"

"ಯಾಕ?"

"ಈ ಬಿಲ್ಡಿಂಗ್ ಕಟ್ಟಾಗ ನಾ ಇಲ್ಲೇ ಮಣ್ಣು ಹೊತ್ತಾಕಿ. ಹುಟ್ಟಿದ ಕೂಸು ಉಳಿಲಿಲ್ಲ. ಪರಊರಾಗ ನಮಗ ಯಾರು ಜಾಗ ಕೊಡ್ತಾರ? ಈ ಮೂಲ್ಯಾಗ ಮಣ್ಣು ಮಾಡಿದ್ವಿ. ಅದಕ್ಕ ಈ ಕಸಬರಿಗಿ ಬಿಟ್ಟು ನಾ ಬ್ಯಾರೆ ಕೆಲಸಕ್ಕ ಹೋಗಿಲ್ಲರಿ."

ಪ್ರಮೀಳಾ ಹತ್ತಿರ ಬಂದು ನಿಂತಳು.

"ನಡುವಷ್ಟ ಅಗದೀವಿ, ಸಾವಂತ್ರೆವ್ವಾ. ಈ ಮೂಲಿ ಮುಟ್ಟಿಲ್ಲ."

"ಖರೇನ?"

"ನನ್ನ ಮಕ್ಕಳಾಣಿ."

ಸಾವಂತ್ರೆವ್ವ ಹುಲ್ಲಿನ ಅಂಚನ್ನು ಮೆಲ್ಲಗೆ ಮತ್ತೆ ಕೆಳಗೆ ಹಾಸಿ ಅಂಗೈಯಿಂದ ತಟ್ಟಿದಳು. "ಹಂಗಾರ ಚೊಲೋ ಆತು ಬಿಡ್ರಿ. ಮ್ಯಾಲೆ ಮೆತ್ತಗ ಐತಿ. ಇನ್ನ ಯಾರ ಬೂಟಗಾಲೂ ನನ್ನ ಕೂಸಿಗೆ ಒತ್ತಂಗಿಲ್ಲ."

ಅವಳು ಪೊರಕೆ ಎತ್ತಿಕೊಂಡು ಹೋಗುವವರೆಗೂ ಪ್ರಮೀಳಾ ಅಲ್ಲೇ ನಿಂತಿದ್ದಳು. ಮಣ್ಣು ಸಡಿಲವಾಗಿದೆಯೆಂದು ಜೆಸಿಬಿಯನ್ನು ಮೊಟ್ಟಮೊದಲು ಇಳಿಸಿದ್ದು ಈ ಮೂಲೆಗೇ ಎಂಬುದನ್ನು ಯಾರಿಗೂ ಹೇಳಕೂಡದೆಂದು ಅವಳು ನಿರ್ಧರಿಸಿದಳು.